ಹಿಂಜ್ ಇರುವ ಮೊಣಕಾಲು ಬ್ರೇಸ್: ಎರೆಮಣ್ಣು, ಫರ್ಸಿ ಕಲ್ಲು, ಬಿಸಿಲಲ್ಲಿ ಎರಡು ವರ್ಷ ಬಳಸಿದ ಮೇಲೆ

ವಸ್ತು: ಡರ್ಟ್ ಬೈಕ್ ಸವಾರರಿಗೆಂದೇ ಮಾಡಿದ ಗಟ್ಟಿ ಚೌಕಟ್ಟಿನ ಮೊಣಕಾಲು ಬ್ರೇಸ್, ಎರಡು ಪಕ್ಕಕ್ಕೂ ಕಾಲಿನ ಜೊತೆ ಬಾಗುವ ಹಿಂಜ್ (ತಿರುಗಣಿ) ಇರುವಂಥದ್ದು, ಎರಡೂ ಕಾಲಿಗೆ ಒಂದು ಜೋಡಿ. ಬಳಕೆ: ಎರಡು ಬೇಸಿಗೆ, ಎರಡು ಮಳೆಗಾಲ, ವಾರಕ್ಕೆ ಒಂದೋ ಎರಡೋ ಬೆಳಗು. ಬೈಕು: ಹೀರೋ ಎಕ್ಸ್‌ಪಲ್ಸ್ 200 4ವಿ. ಕಾಲು: ಎಡ ಮೊಣಕಾಲಿನ ಎಸಿಎಲ್ (ಕೀಲಿನೊಳಗೆ ಮೇಲಿನ, ಕೆಳಗಿನ ಎಲುಬನ್ನು ಹಿಡಿದಿಡುವ ನಾರು) ಹರಿದು ಶಸ್ತ್ರಚಿಕಿತ್ಸೆಯಲ್ಲಿ ಮರುಜೋಡಣೆಯಾದದ್ದು. ನೆಲ: ಕಲಬುರಗಿ ಸುತ್ತಿನ ಎರೆ ಹೊಲದ ಬಂಡಿದಾರಿ, ಶಹಾಬಾದ್ ಕಡೆಯ ಫರ್ಸಿ ಕಲ್ಲು (ನೆಲಕ್ಕೆ ಹಾಸುವ ಸುಣ್ಣದ ಚಪ್ಪಡಿಗಲ್ಲು), ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ದಿಬ್ಬ, ಯಾದಗಿರಿ ಕಡೆಯ ಮರಳು ಹಳ್ಳ.

ಕಂಪನಿಯ ಹೆಸರು ಹಾಕಿಲ್ಲ. ಕೆಳಗಿನ ಒಳ್ಳೆಯದೂ ಕೆಟ್ಟದೂ ಈ ಬಗೆಯ ಎಲ್ಲ ಬ್ರೇಸ್‌ಗೂ ಬಹುಮಟ್ಟಿಗೆ ಅನ್ವಯಿಸುತ್ತದೆ. ಸೈಜು, ಕಟ್ಟುವ ಕ್ರಮ, ತೊಳೆಯುವ ಕ್ರಮ ತಪ್ಪಿದರೆ ಎಷ್ಟು ದುಬಾರಿಯದಾದರೂ ಕೆಲಸಕ್ಕೆ ಬರುವುದಿಲ್ಲ.

ಬ್ರೇಸ್ ಕೊಂಡ ಮಾತ್ರಕ್ಕೆ ಮಣ್ಣಿಗಿಳಿಯಬಾರದು. ಎಸಿಎಲ್ ಮರುಜೋಡಣೆಯ ನಂತರ ಜಿಗಿತ, ತಿರುವು ಇರುವ ಆಟಗಳಿಗೆ ಮರಳಲು ಕನಿಷ್ಠ 9 ತಿಂಗಳು ಬೇಕೆಂಬುದು ಈಗ ವೈದ್ಯರು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ಅದರ ಜೊತೆಗೆ ತೊಡೆಯ ಮುಂಭಾಗದ ಸ್ನಾಯುವಿನ ಬಲ ಸರಿಯಿರುವ ಕಾಲಿನ ಶೇ. 90ರಷ್ಟಾದರೂ ಇರಬೇಕು, ಒಂಟಿಕಾಲಿನ ಜಿಗಿತದ ದೂರವೂ ಅಷ್ಟೇ. ಒಳಗೆ ಕೂರಿಸಿದ ಹೊಸ ನಾರು ಮೊದಲ ತಿಂಗಳುಗಳಲ್ಲಿ ಒಮ್ಮೆ ದುರ್ಬಲವಾಗಿ, ಆಮೇಲೆ ರಕ್ತನಾಳ ಪಡೆದು ನಿಧಾನವಾಗಿ ಬಲಿಯುತ್ತದೆ. ನೋವು ಮಾತ್ರ ಅದಕ್ಕಿಂತ ಬಹಳ ಮುಂಚೆ ಹೋಗಿಬಿಡುತ್ತದೆ. ನಡೆಯಲು ಬರುತ್ತಿದೆ, ಮೆಟ್ಟಿಲು ಹತ್ತುತ್ತಿದ್ದೇನೆ ಎಂದು ನಾಲ್ಕನೇ ತಿಂಗಳಿಗೇ ಬೈಕ್ ತೆಗೆಯುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಈ ಸೀಮೆಯಲ್ಲಿ ಮೊಣಕಾಲಿಗೆ ದೊಡ್ಡ ಅಪಾಯ ಎರೆಮಣ್ಣಿನಲ್ಲಿ ಕಾಲೂರುವುದು. ಎರೆಯ ಜೇಡಿ ನೀರು ಕುಡಿದು ಉಬ್ಬುತ್ತದೆ. ಸೆಪ್ಟೆಂಬರ್ ಮಳೆಯ ಹೊತ್ತಿಗೆ ಬೂಟು ಇಟ್ಟರೆ ಅಂಟಿನ ಹಾಗೆ ಹಿಡಿಯುತ್ತದೆ. ಮುಂದಿನ ಚಕ್ರ ಜಾರುತ್ತದೆ, ಸವಾರ ಎಡಗಾಲು ಊರುತ್ತಾನೆ, ಬೂಟು ರಾಡಿಯಲ್ಲಿ ಹುದುಗುತ್ತದೆ, ಬೈಕು ಮೈಯನ್ನು ಎಳೆದುಕೊಂಡು ಮುಂದೆ ಹೋಗುತ್ತದೆ. ಪಾದ ನಿಂತಲ್ಲೇ ಇದ್ದು ತೊಡೆ ತಿರುಗುತ್ತದೆ. ಎಸಿಎಲ್ ಹರಿಯುವುದು ಬಹಳ ಸಲ ಈ ತಿರುಚಿನಲ್ಲೇ. ಬ್ರೇಸ್ ಏನು ಮಾಡುತ್ತದೆ? ಮೊಣಕಾಲು ಅತಿಯಾಗಿ ನೆಟ್ಟಗಾಗಿ ಹಿಂದಕ್ಕೆ ಮಣಿಯುವುದನ್ನು ಚೆನ್ನಾಗಿ ತಡೆಯುತ್ತದೆ. ಪಕ್ಕಕ್ಕೆ ಮಣಿಯುವುದನ್ನು ತಕ್ಕಮಟ್ಟಿಗೆ ತಡೆಯುತ್ತದೆ. ತಿರುಚನ್ನು ಸ್ವಲ್ಪ ಮಾತ್ರ, ಯಾಕೆಂದರೆ ಚೌಕಟ್ಟು ಕೂತಿರುವುದು ಮಾಂಸದ ಮೇಲೆ; ಅದರೊಳಗೆ ಎಲುಬು ಇನ್ನೂ ಸ್ವಲ್ಪ ತಿರುಗುತ್ತದೆ. ಮಾರುವವರು ಈ ಮಾತು ಹೇಳುವುದಿಲ್ಲ.

ಹಾಗಾಗಿ ಉಳಿದದ್ದನ್ನು ಸವಾರಿಯ ರೀತಿಯೇ ತಡೆಯಬೇಕು. ರಾಡಿಯಲ್ಲಿ ಎರಡೂ ಪಾದ ಫುಟ್‌ಪೆಗ್ ಮೇಲೆ, ನಿಂತು ಸವಾರಿ, ಎರಡನೇ ಗೇರ್, ಥ್ರಾಟಲ್ ಒಂದೇ ಸಮ. ತಿರುವಿನಲ್ಲಿ ಕಾಲು ಬಿಡಲೇಬೇಕಾದರೆ ಮುಂದಿನ ಚಕ್ರದ ಕಡೆಗೆ, ಮೊಣಕಾಲು ಸ್ವಲ್ಪ ಬಾಗಿಸಿ, ಪಾದ ನೆಲದಿಂದ ಎತ್ತಿ ಹಿಡಿಯಬೇಕು. ಪಕ್ಕಕ್ಕೆ ಚಾಚಿ ಊರಬಾರದು. ಬೈಕು ಬೀಳುವುದು ಖಚಿತವಾಯಿತೇ, ಬಿಟ್ಟುಬಿಡಿ. ಎಕ್ಸ್‌ಪಲ್ಸ್ ಸುಮಾರು 158 ಕೆ.ಜಿ. ತೂಗುತ್ತದೆ, ಅದನ್ನು ಒಂಟಿಕಾಲಲ್ಲಿ ತಡೆದು ನಿಲ್ಲಿಸುವ ಪ್ರಯತ್ನಕ್ಕಿಂತ ಮುರಿದ ಲಿವರ್ ಬಹಳ ಅಗ್ಗ. ಸೀಟಿನ ಎತ್ತರ 825 ಮಿ.ಮೀ. ಇರುವುದರಿಂದ ಕುಳ್ಳಗಿನ ಸವಾರರಿಗೆ ಉಬ್ಬುತಗ್ಗಿನಲ್ಲಿ ನಿಂತಾಗ ತುದಿಗಾಲೇ ಗತಿ. ನಿಲ್ಲುವ ಜಾಗವನ್ನು ಮೊದಲೇ ನೋಡಿಕೊಂಡು, ಎತ್ತರದ ಬದು ಸರಿಯಿರುವ ಕಾಲಿನ ಕಡೆ ಬರುವಂತೆ ನಿಲ್ಲಿಸಿ.

ಮಳೆ ಬಿದ್ದರೆ ಎರೆ ಹೊಲದ ದಾರಿಗೆ ಎರಡು ಮೂರು ದಿನ ಬಿಡುವು ಕೊಡುವುದೇ ಸರಿ. ಆ ದಿನಗಳಲ್ಲಿ ಬೀದರ್ ಕಡೆಯ ಜಂಬಿಟ್ಟಿಗೆ ನೆಲ ವಾಸಿ. ಅದರಲ್ಲಿ ರಂಧ್ರಗಳಿವೆ, ನೀರು ಬಸಿದು ಹೋಗುತ್ತದೆ, ಬೂಟನ್ನು ಹಿಡಿಯುವುದಿಲ್ಲ. ಗಾಯದ ನಂತರದ ಮೊದಲ ಮಳೆಗಾಲವನ್ನು ಪೂರ್ತಿ ಕೆಂಪು ನೆಲದಲ್ಲೇ ಕಳೆಯಿರಿ ಎಂಬುದು ನನ್ನ ಖಚಿತ ಸಲಹೆ. ಅಲ್ಲಿನ ತೊಂದರೆ ಒಣಗಿದ ಮೇಲೆ: ಗೋಲಿಯಂಥ ಹರಳುಗಲ್ಲು ಉರುಳಿ ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಕೆಲಸ ಮಾಡುವುದಿಲ್ಲ. ಬೇಸಿಗೆಯಲ್ಲಿ ಎರೆ ಬಿರುಕು ಬಿಡುತ್ತದೆ, ಬೂಟಿನ ತುದಿ ಸಿಕ್ಕಿಕೊಳ್ಳುವಷ್ಟು. ಚಿಂಚೋಳಿಯ ಕಾಡಿನೊಳಗೆ ಬೈಕು ಒಯ್ಯಬೇಡಿ. ಅದು ವನ್ಯಜೀವಿ ಧಾಮ.

ಸೈಜಿನ ವಿಷಯಕ್ಕೆ ಬರೋಣ. ಬರಿ ಚರ್ಮದ ಮೇಲೆ, ಕಾಲು ತುಸು ಬಾಗಿಸಿ, ಮೂರು ಕಡೆ ಟೇಪು ಹಿಡಿಯಬೇಕು: ಮೊಣಕಾಲ ಚಿಪ್ಪಿನ ನಡುವಿನಿಂದ 15 ಸೆಂ.ಮೀ. ಮೇಲೆ ತೊಡೆ, ಚಿಪ್ಪಿನ ನಡುವೆ, 15 ಸೆಂ.ಮೀ. ಕೆಳಗೆ ಮೀನಖಂಡ. ಶಸ್ತ್ರಚಿಕಿತ್ಸೆಯಾದ ಕಾಲಿನ ತೊಡೆ ಸೊರಗಿರುತ್ತದೆ. ಈ ಜೋಡಿ ಕೊಂಡಾಗ ಎಡ ತೊಡೆ ಬಲಕ್ಕಿಂತ 2.5 ಸೆಂ.ಮೀ. ಸಣ್ಣ ಇತ್ತು. ಸೊರಗಿದ ಅಳತೆಗೆ ಕೊಂಡರೆ ತೊಡೆ ತುಂಬಿಕೊಂಡಾಗ ಬಿಗಿಯುತ್ತದೆ. ಸರಿಯಿರುವ ಕಾಲಿನ ಅಳತೆಗೆ ಕೊಂಡು, ಸೊರಗಿದ ಕಾಲಿನ ಹಿಂಜ್ ಒಳಗೆ ದಪ್ಪ ಪ್ಯಾಡು, ತೊಡೆಯ ಚೌಕಟ್ಟಿನೊಳಗೆ 5 ಮಿ.ಮೀ. ಫೋಮ್ ಹಾಕಿಕೊಂಡರೆ ನಡೆಯುತ್ತದೆ. ಆರು ವಾರಕ್ಕೊಮ್ಮೆ ತೊಡೆ ಅಳೆದು, ತುಂಬಿದಷ್ಟು ಫೋಮ್ ತೆಗೆಯುತ್ತಾ ಬನ್ನಿ. ಇನ್ನೊಂದು: ಶಸ್ತ್ರಚಿಕಿತ್ಸೆಯಲ್ಲಿ ಸ್ಕ್ರೂ ಹಾಕಿದ ಜಾಗದ ಕಲೆ ಮೊಣಕಾಲಿನ ಕೆಳಗೆ ಒಳಬದಿಗೆ ಇರುತ್ತದೆ, ಚೌಕಟ್ಟಿನ ಅಂಚು ಸರಿಯಾಗಿ ಅಲ್ಲೇ ಒತ್ತಬಹುದು. ಫೋಮಿನಲ್ಲಿ ನಡುವೆ ತೂತಿರುವ ಬಿಲ್ಲೆ ಕತ್ತರಿಸಿ, ಕಲೆ ತೂತಿನೊಳಗೆ ಬರುವಂತೆ ಅಂಟಿಸಿದರೆ ಒತ್ತು ಸುತ್ತಲಿಗೆ ಹಂಚಿಹೋಗುತ್ತದೆ.

ಕಟ್ಟುವ ಕ್ರಮದಲ್ಲಿ ತಪ್ಪುವವರೇ ಹೆಚ್ಚು. ಕಟ್ಟೆಯ ಅಂಚಿಗೆ ಕೂತು ಮೊಣಕಾಲನ್ನು ಸುಮಾರು 45 ಡಿಗ್ರಿ ಬಾಗಿಸಿ. ಹಿಂಜ್‌ನ ನಡುಬಿಂದು ಚಿಪ್ಪಿನ ಮೇಲಂಚಿನ ನೇರಕ್ಕೆ, ಕಾಲಿನ ನಡುಗೆರೆಗಿಂತ ಸ್ವಲ್ಪ ಹಿಂದಕ್ಕೆ ಬರಬೇಕು. ಮೊದಲು ಬಿಗಿಯಬೇಕಾದ್ದು ಮೊಣಕಾಲಿನ ಸ್ವಲ್ಪ ಕೆಳಗೆ, ಮೀನಖಂಡದ ಉಬ್ಬಿಗಿಂತ ಮೇಲ್ಗಡೆ ಕೂರುವ ಪಟ್ಟಿ. ಬ್ರೇಸ್ ಕೆಳಗೆ ಜಾರದಂತೆ ಹಿಡಿಯುವುದು ಅದೊಂದೇ. ಅದಾದ ಮೇಲೆ ತೊಡೆಯ ಕೆಳಪಟ್ಟಿ, ತೊಡೆಯ ಮೇಲ್ಪಟ್ಟಿ, ಕೊನೆಗೆ ಮೀನಖಂಡದ ಕೆಳಪಟ್ಟಿ. ಎದ್ದು ಹತ್ತು ಬೈಠಕ್ ಹೊಡೆದು ಎಲ್ಲವನ್ನೂ ಅದೇ ಕ್ರಮದಲ್ಲಿ ಮತ್ತೆ ಬಿಗಿಯಿರಿ; ಸವಾರಿ ಶುರುವಾಗಿ ಕಾಲು ಗಂಟೆಗೆ ಇನ್ನೊಮ್ಮೆ, ಯಾಕೆಂದರೆ ಬೆವರಿಗೆ ಫೋಮ್ ಕುಗ್ಗಿರುತ್ತದೆ. ಹಿಂಜ್ 2 ಸೆಂ.ಮೀ. ಕೆಳಗಿಳಿದರೂ ಬ್ರೇಸ್ ಬಾಗುವ ಜಾಗ ಒಂದು, ಮೊಣಕಾಲು ಬಾಗುವ ಜಾಗ ಇನ್ನೊಂದು ಆಗಿ ಎರಡೂ ಜಗ್ಗಾಡುತ್ತವೆ.

ಅತಿ ಬಿಗಿಯೂ ಕೇಡೇ. ಮೊಣಕಾಲಿನ ಹೊರಬದಿ, ಸ್ವಲ್ಪ ಕೆಳಗೆ ಕೈಗೆ ಸಿಗುವ ಎಲುಬಿನ ಗಂಟನ್ನು ಸುತ್ತಿಕೊಂಡು ಒಂದು ನರ ಚರ್ಮದ ಹತ್ತಿರವೇ ಹಾದುಹೋಗುತ್ತದೆ. ಪಟ್ಟಿ ಅದನ್ನು ಒತ್ತಿದರೆ ಪಾದದ ಮೇಲ್ಭಾಗ ಜೋಮು ಹಿಡಿಯುತ್ತದೆ, ಪಾದ ಮೇಲೆತ್ತಲು ಬಲ ಸಾಲದಾಗುತ್ತದೆ. ಎಡಗಾಲಾದರೆ ಗೇರ್ ಮೇಲೆ ಹಾಕುವಾಗಲೇ ಗೊತ್ತಾಗುತ್ತದೆ. ಹಾಗಾದ ಕೂಡಲೇ ನಿಲ್ಲಿಸಿ ಬಿಚ್ಚಬೇಕು.

ಹಿಂಜ್‌ನಲ್ಲಿ ಕಾಲು ಪೂರ್ತಿ ನೆಟ್ಟಗಾಗದಂತೆ ತಡೆಯುವ ಸಣ್ಣ ಬಿಲ್ಲೆಗಳಿವೆ: 5, 10, 15, 20 ಡಿಗ್ರಿ. ಎಡಕ್ಕೆ 10, ಬಲಕ್ಕೆ 5 ಹಾಕಿ ಬಳಸಲಾಗಿದೆ. ಒಂದೇ ಬ್ರೇಸ್‌ನ ಒಳ ಹಿಂಜ್, ಹೊರ ಹಿಂಜ್ ಎರಡಕ್ಕೂ ಒಂದೇ ಸಂಖ್ಯೆ ಇರಲೇಬೇಕು, ಇಲ್ಲದಿದ್ದರೆ ಕಾಲು ಚಾಚಿದಾಗಲೆಲ್ಲ ಚೌಕಟ್ಟು ತಿರುಚುತ್ತದೆ.

ಈಗ ಬೆವರು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟುವುದು ರೂಢಿ. ತಣ್ಣನೆಯ ದೇಶದವರು ಬರೆದ ವಿಮರ್ಶೆಗಳಲ್ಲಿ ಈ ತೊಂದರೆ ಎಲ್ಲೂ ಕಾಣುವುದಿಲ್ಲ, ಇಲ್ಲಿಯ ಮಟ್ಟಿಗೆ ಬ್ರೇಸ್ ಬಿಟ್ಟುಹಾಕಲು ಮೊದಲ ಕಾರಣ ಇದೇ. ಬರಿಗಾಲಿಗೆ ಕಟ್ಟಿದರೆ ಅರ್ಧ ಗಂಟೆಗೆ ಜಾರುತ್ತದೆ, ಒಂದು ಗಂಟೆಗೆ ಮೊಣಕಾಲಿನ ಹಿಂದೆ ಚರ್ಮ ಕಿತ್ತುಬರುತ್ತದೆ. ಹತ್ತಿಯ ಬಟ್ಟೆ ಒಳಗಿದ್ದರೆ ಅದು ನೆನೆದು ಮುದುಡಿ ಇನ್ನೂ ಉಜ್ಜುತ್ತದೆ. ಬೇಕಾದ್ದು ಪಾದದಿಂದ ನಡುತೊಡೆವರೆಗೆ ಬರುವ ತೆಳು ಪಾಲಿಯೆಸ್ಟರ್ ಕಾಲುಚೀಲ, ಸವಾರಿಗೊಂದರಂತೆ ಒಗೆದ ಎರಡು ಜೊತೆ. ಪೌಡರ್ ಹಾಕಬೇಡಿ, ಬೆವರಿನಲ್ಲಿ ಕಲೆತು ಕಣಕದ ಹಾಗೆ ಗಟ್ಟಿಯಾಗುತ್ತದೆ. ಕೆಂಪು ಬಳೆಯಂತೆ ಅಂಚೆದ್ದು ತುರಿಸಿದರೆ ಅದು ಬೆವರುಸಾಲೆಯಲ್ಲ, ಗಜಕರ್ಣ. ಔಷಧಿ ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ಎರಡು ದಿನ ತುರಿಕೆ ತಗ್ಗಿಸಿ ಆಮೇಲೆ ಹಬ್ಬಿಸುತ್ತದೆ. ಚರ್ಮದ ವೈದ್ಯರಿಗೆ ತೋರಿಸಿ, ವಾಸಿಯಾಗುವವರೆಗೆ ಬ್ರೇಸ್ ಕಟ್ಟಬೇಡಿ.

ಬೇಸಿಗೆಯಲ್ಲಿ ಸವಾರಿ ನಸುಕಿನ ಐದೂವರೆಯಿಂದ ಎಂಟೂವರೆವರೆಗೆ ಮಾತ್ರ. ಎರಡು ಲೀಟರ್ ನೀರು, ಲೀಟರಿಗೆ ಒಂದು ದೊಡ್ಡ ಪೊಟ್ಟಣ ಓಆರ್‌ಎಸ್. ಬಾಯಾರಿಕೆಯ ಪ್ರಶ್ನೆಯಷ್ಟೇ ಅಲ್ಲ ಇದು: ದಣಿದ ತೊಡೆ ಮೊಣಕಾಲನ್ನು ಕಾಯುವುದಿಲ್ಲ, ನಿಂತು ಸವಾರಿ ಮಾಡುವವರು ದಣಿದು ಕೂತಾಗಲೇ ಕಾಲು ಊರಲು ಶುರುಮಾಡುತ್ತಾರೆ.

ಎರಡು ವರ್ಷದಲ್ಲಿ ಹಾಳಾದದ್ದು ಚೌಕಟ್ಟಲ್ಲ, ಒಳಹಾಸು ಮತ್ತು ವೆಲ್‌ಕ್ರೋ. ಒಳಹಾಸು ಹದಿನಾಲ್ಕನೇ ತಿಂಗಳಿಗೆ ಉಪ್ಪು ಕಟ್ಟಿ ಗಟ್ಟಿಯಾಗಿ ಬಿರುಕು ಬಿಟ್ಟಿತು. ಪ್ರತಿ ಸವಾರಿಯ ನಂತರ ತಣ್ಣೀರಿನಲ್ಲಿ ಅದ್ದಿ ತೆಗೆದು ನೆರಳಲ್ಲಿ ಒಣಗಿಸಿದರೆ ಇನ್ನೂ ಬಾಳುತ್ತದೆ. ಕಲಬುರಗಿ ಬಿಸಿಲಿಗೆ ಮಾಳಿಗೆ ಮೇಲೆ ಹಾಕಿದರೆ ಅಂಟು ಬಿಡುತ್ತದೆ. ವೆಲ್‌ಕ್ರೋಗೆ ಶತ್ರು ಉತ್ತರಾಣಿ. ಅಕ್ಟೋಬರ್‌ನಿಂದ ಬದುವಿನ ಮೇಲೆಲ್ಲ ಅದರ ಕಾಳು. ಪಟ್ಟಿಯ ಕೊಕ್ಕೆಗಳಲ್ಲಿ ತುಂಬಿಕೊಂಡರೆ ಹಿಡಿತವೇ ಇಲ್ಲ. ಹಳೆಯ ಹಲ್ಲುಜ್ಜುವ ಬ್ರಷ್, ಸೂಜಿ ಹಿಡಿದು ಕೂತು ತೆಗೆಯಬೇಕು. ಬ್ರೇಸ್ ಮೇಲೆ ಅಗಲ ಪ್ಯಾಂಟ್ ಹಾಕಿದರೆ ಅರ್ಧ ತೊಂದರೆ ತಪ್ಪುತ್ತದೆ. ಪಟ್ಟಿ ಸವೆದರೆ ಹೊಸದನ್ನು ತರಿಸುವ ಅಗತ್ಯವಿಲ್ಲ, 50 ಮಿ.ಮೀ. ವೆಲ್‌ಕ್ರೋ ಕೊಂಡು ಬ್ಯಾಗು ಹೊಲಿಯುವವರ ಹತ್ತಿರ ನೈಲಾನ್ ದಾರದಲ್ಲಿ ಹೊಲಿಸಿದರೆ ಸಾಕು.

ಹಿಂಜ್‌ಗೆ ಎಣ್ಣೆ, ಗ್ರೀಸ್ ಎರಡೂ ಬೇಡ. ಶಹಾಬಾದ್, ಸೇಡಂ ಕಡೆಯ ಸುಣ್ಣಕಲ್ಲಿನ ಹುಡಿ ಅದಕ್ಕೆ ಹತ್ತಿಕೊಂಡು ಅರದ ಹಾಗೆ ಹಲ್ಲುಗಳನ್ನು ತೇಯುತ್ತದೆ. ಪಂಕ್ಚರ್ ಅಂಗಡಿಯ ಗಾಳಿ ಬಿಟ್ಟು ಊದಿಸಿ, ಒಣ ಸಿಲಿಕೋನ್ ಸ್ಪ್ರೇ ಒಂದು ಸಲ ಹೊಡೆದು ಒರೆಸಿ. ಸ್ಕ್ರೂಗಳು ಕಂಪನಕ್ಕೆ ಸಡಿಲಾಗುತ್ತವೆ. ಒಂದು ದಾರಿಯಲ್ಲಿ ಬಿದ್ದೇಹೋಯಿತು. ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು) ಒಂದೊಂದು ಹನಿ ಹಾಕಿದ ಮೇಲೆ ಮತ್ತೆ ಸಡಿಲಾಗಿಲ್ಲ. ಕೆಂಪು ಬಗೆಯದು ಹಾಕಬೇಡಿ, ಕಾಯಿಸದೆ ಬಿಚ್ಚಲು ಬರುವುದಿಲ್ಲ.

ಬೂಟಿನ ಜೊತೆ ಹೊಂದುತ್ತದೆಯೇ ಎಂಬುದನ್ನು ಕೊಳ್ಳುವ ಮೊದಲೇ ನೋಡಿ. ಗಟ್ಟಿ ಆಫ್‌ರೋಡ್ ಬೂಟು ಪಾದದ ಕೀಲನ್ನು ತಿರುಗಲು ಬಿಡುವುದಿಲ್ಲ, ಆ ತಿರುಚು ಮೊಣಕಾಲಿಗೆ ಏರಬಹುದು. ಹಾಗಾಗಿ ಬೂಟು ಮಾತ್ರ ಹಾಕಿ ಬ್ರೇಸ್ ಬಿಡುವುದು ಗಾಯವಾದ ಕಾಲಿಗೆ ಒಳ್ಳೆಯದಲ್ಲ. ಬ್ರೇಸ್‌ನ ಕೆಳತುದಿ ಬೂಟಿನ ಒಳಗೆ ಹೋಗಿ ಬಕಲ್ ಹಾಕಲು ಬರಬೇಕು. ಬೂಟಿನ ಬಾಯಿ ಮೇಲೆ ಕೂತರೆ ಪ್ರತಿ ಉಬ್ಬಿಗೂ ಬೂಟು ಬ್ರೇಸನ್ನು ಮೇಲೆ ತಳ್ಳುತ್ತದೆ. ಬೈಕಿನಲ್ಲಿ ಮಾಡಿದ ಬದಲಾವಣೆ ಎರಡೇ: ಒಳ ಹಿಂಜ್ ಟ್ಯಾಂಕಿಗೆ ಉಜ್ಜುವ ಜಾಗಕ್ಕೆ ರಬ್ಬರ್ ಪ್ಯಾಡ್, ಹಿಂದಿನ ಬ್ರೇಕ್ ಪೆಡಲ್ ಬೂಟಿಗೆ ಸಿಗುವಂತೆ ಸ್ವಲ್ಪ ಮೇಲಕ್ಕೆ. ಟೈರಿನ ಗಾಳಿ ಮರಳಿನಲ್ಲಿ 18 ಪಿಎಸ್‌ಐ, ಫರ್ಸಿ ಕಲ್ಲಿನಲ್ಲಿ 24. ಕಲ್ಲಿನಂಚಿಗೆ ಬಡಿದರೆ ಕಡಿಮೆ ಗಾಳಿಯಲ್ಲಿ ಟ್ಯೂಬು ರಿಮ್ಮಿಗೆ ಸಿಕ್ಕಿ ಹರಿಯುತ್ತದೆ. ತೊಗರಿ ಕೊಯ್ದ ಹೊಲ ಜನವರಿಯಲ್ಲಿ ದಾಟಬೇಡಿ. ಕೂಳೆ ಈಟಿಯ ಹಾಗೆ ನಿಂತಿರುತ್ತದೆ, ಟೈರಿಗೂ ಬಿದ್ದವರಿಗೂ.

ಮೆಡಿಕಲ್ ಅಂಗಡಿಯಲ್ಲಿ ಸಾವಿರ ಚಿಲ್ಲರೆಗೆ ಸಿಗುವ ಹಿಂಜ್ ಪಟ್ಟಿಯನ್ನು "ಇದೇ ಸಾಕ್ರೀ ಅಣ್ಣಾ" ಎಂದು ಕೊಡುತ್ತಾರೆ. ಅದು ನಡೆಯಲು ಸರಿ. ಅದರ ಪಕ್ಕದ ಲೋಹದ ಪಟ್ಟಿ ಬಟ್ಟೆಯೊಳಗೆ ತೂರಿಸಿದ್ದು, ತೊಡೆಗೂ ಮೀನಖಂಡಕ್ಕೂ ಗಟ್ಟಿ ಚೌಕಟ್ಟಿಲ್ಲ. ಬೈಕಿನ ತೂಕ ಬಿದ್ದರೆ ಕೈಯಲ್ಲಿ ಬಗ್ಗಿಸಿದಂತೆ ಬಗ್ಗುತ್ತದೆ.

ಸವಾರಿಯ ಮರುದಿನ ಬೆಳಿಗ್ಗೆ ಚಿಪ್ಪಿನ ನಡುವೆ ಟೇಪು ಹಿಡಿಯುವ ಅಭ್ಯಾಸ ಬಿಡಬೇಡಿ. ಎಂದಿನ ಅಳತೆಗಿಂತ 1 ಸೆಂ.ಮೀ. ಹೆಚ್ಚಿದ್ದರೆ ಒಳಗೆ ನೀರು ತುಂಬಿದೆ ಎಂದರ್ಥ. ಇಳಿಯುವವರೆಗೆ ಬೈಕಿಲ್ಲ, ಮುಂದಿನ ಸವಾರಿ ಅರ್ಧ ಹೊತ್ತು. ಎರಡು ಮೂರು ದಿನಕ್ಕೂ ಇಳಿಯದಿದ್ದರೆ, ಅಥವಾ ಮೊಣಕಾಲು ನಡುವೆಯೇ ಕೈಕೊಟ್ಟಂತಾದರೆ, ಮೂಳೆ ವೈದ್ಯರ ಹತ್ತಿರ ಹೋಗಿ.

ಕೊಂಡಾಗ ಜೋಡಿಗೆ 42,000 ರೂಪಾಯಿ, ಒಳಹಾಸಿನ ಬದಲಿ ಸೆಟ್ಟಿಗೆ 3,200 ಆಗಿತ್ತು. ಈಗಿನ ಸ್ಥಿತಿ: ಚೌಕಟ್ಟು ಗೀರು ಬಿಟ್ಟರೆ ಗಟ್ಟಿ, ಎಡದ ಹೊರ ಹಿಂಜ್‌ನಲ್ಲಿ ಕೂದಲೆಳೆಯಷ್ಟು ಸಡಿಲ, ನಾಲ್ಕು ಪಟ್ಟಿ ಹೊಸದಾಗಿ ಹೊಲಿಸಿದ್ದು. ಎಡ ತೊಡೆ ಈಗ ಬಲಕ್ಕಿಂತ ಅರ್ಧ ಸೆಂ.ಮೀ. ಮಾತ್ರ ಸಣ್ಣ, ಒಳಗಿನ ಫೋಮ್ ತೆಗೆದು ಎಂಟು ತಿಂಗಳಾಯಿತು.