ಪೋಸ್ಟ್‌ಗ್ರೆಸ್‌ನ ‘ರಿಟರ್ನಿಂಗ್’: ಒಣದ್ರಾಕ್ಷಿ ಸೀಸನ್‌ನಲ್ಲಿ ಬಳಸಿ ನೋಡಿದವನ ಮಾತು

ವಿಜಯಪುರದ ಕೋಲ್ಡ್ ಸ್ಟೋರೇಜ್‌ಗಳಿಗೆ ರಸೀದಿ ಮತ್ತು ಬಾಡಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಮಾಲು ಅಂದರೆ ಹೆಚ್ಚಾಗಿ ಒಣದ್ರಾಕ್ಷಿ. ಹಲವು ಸೀಸನ್‌ಗಳಿಂದ ಒಳಗಿನ ಡೇಟಾಬೇಸ್ ಪೋಸ್ಟ್‌ಗ್ರೆಸ್. ಲೈಸೆನ್ಸ್‌ಗೆ ದುಡ್ಡಿಲ್ಲ, ಅದು ಸರಿಯೇ. ಆದರೆ ನಾನು ಇದನ್ನು ಬಿಡದಿರುವುದು ‘ರಿಟರ್ನಿಂಗ್’ ಅನ್ನೋ ಒಂದು ಸಣ್ಣ ಸೌಲಭ್ಯಕ್ಕಾಗಿ.

ರೈತರು ಮಾಲು ತಂದಾಗ ಮೊದಲು ಲಾಟ್ (ಒಬ್ಬರು ಒಂದು ಸಲ ತಂದ ಮಾಲು) ಟೇಬಲ್‌ಗೆ ಒಂದು ಸಾಲು ಸೇರುತ್ತದೆ. ಅದಕ್ಕೆ ಐಡಿ, ಅಂದರೆ ಗುರುತಿನ ನಂಬರ್, ಕೊಡುವುದು ಡೇಟಾಬೇಸ್. ಬಾಕ್ಸ್, ತೂಕ, ಚೇಂಬರ್ ಎಲ್ಲವೂ ಅದೇ ಐಡಿ ಹಿಡಿದು ಬೇರೆ ಟೇಬಲ್‌ಗಳಿಗೆ ಹೋಗಬೇಕು. ಈಗಷ್ಟೇ ಹುಟ್ಟಿದ ಐಡಿ ಯಾವುದು ಅಂತ ಕೋಡ್‌ಗೆ ಗೊತ್ತಾಗಬೇಕಲ್ವಾ? ಒಂದು ಕಡೆ ಹಳೇ ಸಾಫ್ಟ್‌ವೇರ್‌ನಲ್ಲಿ ಸಾಲು ಸೇರಿಸಿ, ಆಮೇಲೆ ಟೇಬಲ್‌ನ ಅತಿ ದೊಡ್ಡ ಐಡಿ ಕೇಳುತ್ತಿದ್ದರು. ಒಂದೇ ಕೌಂಟರ್ ಇರುವವರೆಗೆ ನಡೆಯಿತು. ಮಾರ್ಚ್‌ನಲ್ಲಿ ಗೇಟ್ ಆಚೆಗೂ ಗಾಡಿಗಳು ನಿಂತಾಗ ಎರಡನೇ ಕೌಂಟರ್ ತೆರೆದರು. ಎರಡೂ ಕಡೆ ಒಂದೇ ಹೊತ್ತಿಗೆ ಎಂಟ್ರಿ ಬಿತ್ತು. ತಿಕೋಟಾದವರ ಬಾಕ್ಸ್ ಬಬಲೇಶ್ವರದವರ ಲಾಟ್‌ಗೆ ಜಮಾ!

ಪೋಸ್ಟ್‌ಗ್ರೆಸ್‌ನಲ್ಲಿ ಇನ್ಸರ್ಟ್ (ಸಾಲು ಸೇರಿಸುವ ಆದೇಶ) ಕೊನೆಗೆ ‘ರಿಟರ್ನಿಂಗ್ ಐಡಿ’ ಅಂತ ಬರೆದರೆ ಸಾಕು. ಸಾಲು ಸೇರಿಸಿದ ಉತ್ತರದಲ್ಲೇ ಐಡಿ ಬರುತ್ತದೆ, ಮತ್ತೆ ಕೇಳುವುದೇ ಬೇಡ. 2006ರ 8.2 ಆವೃತ್ತಿಯಿಂದಲೂ ಇದೆ. ನೂರು ಬಾಕ್ಸ್ ಒಟ್ಟಿಗೆ ಸೇರಿಸಿದರೆ ನೂರು ಐಡಿಯೂ ಸಿಗುತ್ತವೆ. ಮೈಎಸ್‌ಕ್ಯೂಎಲ್ ಅನ್ನೋ ಇನ್ನೊಂದು ಡೇಟಾಬೇಸ್‌ನಲ್ಲಿ ಇದೇ ಕೆಲಸಕ್ಕಿರುವ ‘ಲಾಸ್ಟ್ ಇನ್ಸರ್ಟ್ ಐಡಿ’ಯನ್ನೂ ಸುಮ್ನೆ ಬೈಯಬಾರದು. ಪ್ರತಿ ಕನೆಕ್ಷನ್‌ಗೂ ಅದರ ಲೆಕ್ಕ ಬೇರೆ, ಪಕ್ಕದ ಕೌಂಟರ್‌ನ ಐಡಿ ಇಲ್ಲಿ ನುಸುಳುವುದಿಲ್ಲ. ಆದರೆ ಹಲವು ಸಾಲು ಒಟ್ಟಿಗೆ ಹಾಕಿದರೆ ಮೊದಲನೆಯದರ ಐಡಿ ಮಾತ್ರ ಕೊಡುತ್ತದೆ. ಎಸ್‌ಕ್ಯೂಲೈಟ್ ಅನ್ನೋ ಮತ್ತೊಂದು ಡೇಟಾಬೇಸ್‌ಗೆ ರಿಟರ್ನಿಂಗ್ ಬಂದಿದ್ದು 2021ರಲ್ಲಿ, 3.35 ಆವೃತ್ತಿಯಿಂದ.

ಇನ್ನು ಕಿರಿಕಿರಿ. ಎಂಟ್ರಿ ಅರ್ಧಕ್ಕೆ ನಿಂತು ರೋಲ್‌ಬ್ಯಾಕ್ ಆದರೆ, ಅಂದರೆ ಬರೆದದ್ದೆಲ್ಲ ರದ್ದಾದರೆ, ಆ ಐಡಿ ನಂಬರ್ ಹೋದ ಹಾಗೆಯೇ. ಕರೆಂಟ್ ಹೋಗಿ ಸರ್ವರ್ ದಿಢೀರನೆ ಆಫ್ ಆದರೆ ಹಲವು ನಂಬರ್ ಒಟ್ಟಿಗೆ ಹಾರಬಹುದು. ಇದು ಬೇಕಂತಲೇ ಮಾಡಿದ್ದು. ಇಲ್ಲದಿದ್ದರೆ ಒಂದು ಕೌಂಟರ್‌ನ ಕೆಲಸ ಮುಗಿಯುವ ತನಕ ಇನ್ನೊಂದು ಕಾಯಬೇಕಿತ್ತು. ಐಡಿಯನ್ನೇ ರಸೀದಿ ನಂಬರ್ ಮಾಡಿ, ಇದನ್ನು ಸಾಹುಕಾರರಿಗೆ ಹೇಳಿ ನೋಡಿ! “ನಡುವಿನ ಪಾವತಿ ಎಲ್ಲಿ ಹೋತು? ಯಾರ್ ಹರದ್ರು?” ಅಂತಾರೆ. ಅವರ ಅನುಮಾನವೂ ನ್ಯಾಯವೇ. ಅದಕ್ಕೇ ರಸೀದಿ ನಂಬರ್‌ಗೆ ಬೇರೆ ಟೇಬಲ್ ಇಟ್ಟು, ಆ ಸಾಲಿಗೆ ಲಾಕ್ ಹಾಕಿ ಎಣಿಸುತ್ತೇನೆ. ಸ್ವಲ್ಪ ನಿಧಾನ, ಪರವಾಗಿಲ್ಲ.

ಇನ್ನೊಂದು ನನಗೆ ನಿಜಕ್ಕೂ ಹಿಡಿಸಿಲ್ಲ. ರೈತರ ಮೊಬೈಲ್ ನಂಬರ್ ಮೊದಲೇ ಇದ್ದರೆ ಬಿಟ್ಟುಬಿಡು ಅನ್ನಲು ‘ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್’ ಹಾಕಿದರೆ, ಆಗ ರಿಟರ್ನಿಂಗ್ ಖಾಲಿ ಕೈಯಲ್ಲಿ ಬರುತ್ತದೆ. ಹಳೇ ಐಡಿಗೆ ಇನ್ನೊಂದು ಸೆಲೆಕ್ಟ್ (ಹುಡುಕುವ ಆದೇಶ) ಬರೆಯಲೇಬೇಕು. ‘ಡು ನಥಿಂಗ್’ ಬದಲು ಏನೂ ಬದಲಿಸದ ಸುಳ್ಳು ಅಪ್‌ಡೇಟ್ ಹಾಕಿ ಐಡಿ ತೆಗೆಯುವವರಿದ್ದಾರೆ. ಅದು ಪ್ರತಿ ಸಲ ಸಾಲಿನ ಹೊಸ ಪ್ರತಿ ಬರೆಯುತ್ತದೆ, ನನಗೆ ಬೇಡ.

ಹೊಸದಾಗಿ ಶುರು ಮಾಡುವವರು ತಾನಾಗಿ ಐಡಿ ಕೊಡಿಸುವ ಹಳೇ ವಿಧಾನ ‘ಸೀರಿಯಲ್’ ಬಿಟ್ಟು, 10ನೇ ಆವೃತ್ತಿಯಲ್ಲಿ ಬಂದ ‘ಜನರೇಟೆಡ್ ಆಲ್ವೇಸ್ ಆಸ್ ಐಡೆಂಟಿಟಿ’ ಬಳಸಿ. ಯಾರಾದರೂ ಕೈಯಿಂದ ಐಡಿ ಬರೆಯಲು ಹೋದರೆ ಅಲ್ಲೇ ತಡೆಯುತ್ತದೆ. ಹಳೇ ಡೇಟಾ ತರುವಾಗ ಮಾತ್ರ ‘ಓವರ್‌ರೈಡಿಂಗ್ ಸಿಸ್ಟಮ್ ವ್ಯಾಲ್ಯೂ’ ಹಾಕಿ, ಆಮೇಲೆ ಸೀಕ್ವೆನ್ಸ್ (ಮುಂದಿನ ಐಡಿ ಕೊಡುವ ಎಣಿಕೆ) ಅನ್ನು ಕೊನೆಯ ಐಡಿಗಿಂತ ಮುಂದಕ್ಕೆ ಸರಿಸಿ.