40 ಅಡಿ ಟ್ರೇಲರ್, ಎರಡು ವರ್ಷದ ಬಳಕೆ: ಹತ್ತಿಗೆ ಸೈ, ಗಲ್ಲಿಗೆ ಬೇಡ

ಅಳತೆ, ಬೆಲೆ ಎಲ್ಲ ಡೀಲರ್ ಹಾಳೆಯಲ್ಲಿದೆ, ಬಿಡಿ. ಏನು ಲೋಡು ಮಾಡ್ತೀರಿ ಅನ್ನೋದೇ ಮುಖ್ಯ. ಹತ್ತಿ ಬೇಲ್ 170 ಕಿಲೋ. ನೂರು ಬೇಲ್ ಏರಿಸಿದರೂ 17 ಟನ್. ರಾಯಚೂರಿನ ಹತ್ತಿ, ಬಳ್ಳಾರಿಯ ಜೀನ್ಸ್ ಗಂಟು, ಮಂಡಕ್ಕಿ ಚೀಲ ಇವಕ್ಕೆಲ್ಲ ತೂಕಕ್ಕಿಂತ ಮೊದಲು ಜಾಗ ಮುಗಿಯುತ್ತದೆ. ಉದ್ದ ಹೆಚ್ಚಾದಷ್ಟು ಟ್ರಿಪ್ ಕಡಿಮೆ, ಡೀಸೆಲ್ ಕಡಿಮೆ, ಹೊಗೆಯೂ ಕಡಿಮೆ. ತೋರಣಗಲ್ಲಿನ ಉಕ್ಕಿನ ಕಾಯಿಲ್‌ಗೆ (ಸುತ್ತಿದ ತಗಡಿನ ಸುರುಳಿ) ಈ ಲೆಕ್ಕ ನಡೆಯಲ್ಲ. ಗರಿಷ್ಠ ಮಿತಿ 2018ರಲ್ಲಿ ಗಾಡಿ ಸೇರಿ 49ರಿಂದ 55 ಟನ್ನಿಗೆ ಏರಿತು ನಿಜ, ಆದರೂ ಒಂದೆರಡು ಕಾಯಿಲ್‌ಗೇ ತೂಕ ಭರ್ತಿ, ಉಳಿದ ಹಲಗೆ ಖಾಲಿ.

ಬೆಳಗಿನ ಕೆಲಸ ಮಾತ್ರ ಖುಷಿ ಕೊಡುತ್ತದೆ. ಬ್ರೇಕಿನ ಏರ್ ಟ್ಯಾಂಕಿನ ವಾಲ್ವ್ ಎಳೆದು ನೀರು ಬಿಡಬೇಕು, ಕಿಂಗ್‌ಪಿನ್ (ಟ್ರೇಲರ್ ಮುಂದುಗಡೆ ಕೆಳಗಿರುವ ಗೂಟ) ಕೂರುವ, ಎಳೆಯುವ ಗಾಡಿಯ ತಟ್ಟೆಗೆ ಗ್ರೀಸ್ ಸವರಬೇಕು. ಜೋಡಿಸಿದ ಮೇಲೆ ಟ್ರೇಲರ್ ಬ್ರೇಕ್ ಹಿಡಿದೇ ಮೊದಲ ಗೇರಿನಲ್ಲಿ ಎರಡು ಸಲ ಮೆಲ್ಲಗೆ ಎಳೆದು ನೋಡಿ. ಆಮೇಲೆ ಕೆಳಗೆ ಬಗ್ಗಿ ಟಾರ್ಚ್ ಬಿಡಿ: ತಟ್ಟೆಯ ದವಡೆ ಪಿನ್ನನ್ನು ಕಚ್ಚಿರಬೇಕು, ತಟ್ಟೆಗಳ ನಡುವೆ ಬೆಳಕು ಕಾಣಬಾರದು. ಬಿಚ್ಚಿಟ್ಟಾಗ ಟ್ರೇಲರ್ ನಿಲ್ಲುವ ಕಾಲು ಎತ್ತೋದು ಕೊನೆಗೆ.

ಇನ್ನು ತಕರಾರು. ಹೊಸಪೇಟೆ–ಕೊಪ್ಪಳ ಹೆದ್ದಾರಿಯಲ್ಲಿ ಸಾಧುವಾಗಿ ಓಡುವ ಗಾಡಿ ಗಂಗಾವತಿ ರೈಸ್‌ಮಿಲ್ ಗೇಟಿನಲ್ಲಿ ರಾಕ್ಷಸ. ಎಡಕ್ಕೆ ತಿರುಗಿಸಿದರೆ ಹಿಂದಿನ ಚಕ್ರ ಮೂಲೆಯನ್ನು ಕೊಯ್ದುಕೊಂಡು ಒಳಗೆ ಬರುತ್ತದೆ, ಬಾಲ ಬಲಕ್ಕೆ ಬೀಸುತ್ತದೆ. ಜಾಗ ಸಿಗಲೆಂದು ಬಲಕ್ಕೆ ಅಗಲವಾಗಿ ಹೋದರೆ, ಎಡಗಡೆ ಖಾಲಿ ಕಂಡ ಬೈಕಿನವರು ನುಗ್ಗುತ್ತಾರೆ. ಅಲ್ಲಿ ಕನ್ನಡಿಗೆ ಏನೂ ಕಾಣಲ್ಲ. ಕ್ಲೀನರ್ ಇಳಿದು ನಿಲ್ಲದೆ ತಿರುಗಿಸಲೇಬೇಡಿ.

ಬ್ರಿಟನ್ನಿನಲ್ಲಿ 2012ರಿಂದ 13.6 ಮೀಟರ್ ಬದಲು 15.65 ಮೀಟರಿನ ಟ್ರೇಲರ್ ಪ್ರಯೋಗ ನಡೆಸಿ, ತೂಕವನ್ನು 44 ಟನ್ನಿಗೇ ನಿಲ್ಲಿಸಿ, 2023ರಲ್ಲಿ ಸಾಮಾನ್ಯ ಬಳಕೆಗೆ ಬಿಟ್ಟರು. ಹೋಗುವ ದಾರಿಯ ಅಪಾಯವನ್ನು ಮಾಲೀಕರು ಮೊದಲೇ ಅಳೆದಿರಬೇಕು ಅನ್ನುವ ಷರತ್ತಿನ ಮೇಲೆ. ನಮ್ಮಲ್ಲಿ ದಾರಿ ಅಳೆಯುವವರು ಡ್ರೈವರ್, ಅದೂ ಸಿಕ್ಕಿಹಾಕಿಕೊಂಡ ಮೇಲೆ.

ಟೈರ್ ಖರ್ಚೂ ಈ ತಿರುವಿನದ್ದೇ ಕೂಸು. ಬಿಗಿ ತಿರುವಿನಲ್ಲಿ ಮೂರು ಆಕ್ಸಲ್ ಪೈಕಿ ಮೊದಲನೆಯದು, ಮೂರನೆಯದು ಅಡ್ಡಡ್ಡ ಉಜ್ಜುತ್ತವೆ. ನಡುವಿನದು ಹಾಗೇ ಇರುತ್ತದೆ. ಅಂಚು ಸವೆಯುವ ಮುಂಚೆಯೇ ನಡುವಿನ ಟೈರ್ ಜೊತೆ ಅದಲುಬದಲು ಮಾಡಿಸಿ. ನನ್ನ ಅಂಕ 5ಕ್ಕೆ 3. ಮಿಲ್‌ಗೆ ಭತ್ತ ಹಾಕುವವರು 14 ಚಕ್ರದ ಲಾರಿಯನ್ನೇ ಇಟ್ಟುಕೊಳ್ಳಿ.