ಉಲ್ಕೆ ಹುಡುಕಲು ಹೋಗಿ ನಿಧಿಗಳ್ಳ ಅನ್ನಿಸಿಕೊಂಡೆ

ಮೆಟಲ್ ಡಿಟೆಕ್ಟರ್ ಹಿಡಿದು ಉಲ್ಕಾಶಿಲೆ ಹುಡುಕೋ ಆಸೆ ಇದ್ದರೆ, ಮಷಿನ್ ತರಿಸುವ ಮುಂಚೆ ಇದನ್ನು ಓದಿ.

2008ರ ಸೆಪ್ಟೆಂಬರ್ 12ರಂದು ಹೊಸೂರಿನ ಆಚೆ ಶೂಲಗಿರಿ ಹತ್ತಿರ 100 ಕೆಜಿಗೂ ಜಾಸ್ತಿ ತೂಕದ ಉಲ್ಕೆ ಬಿದ್ದಿತ್ತು. ಅಲ್ಲಿ ಬಿದ್ದದ್ದು ನಮ್ಮ ಕಡೆ ಯಾಕೆ ಬಿದ್ದಿರಬಾರದು ಅಂತ ತಲೆಗೆ ಹೊಕ್ಕಿತು. 14 ಸಾವಿರ ಕೊಟ್ಟು ಮಷಿನ್ ತರಿಸಿ, ತುಮಕೂರು ಜಿಲ್ಲೆಯ ದೊಡ್ಡಮ್ಮನ ಊರಿಗೆ ಹೋದೆ.

ಅದು ಕಬ್ಬಿಣದ ಅದಿರಿನ ಸೀಮೆ. ಕೆಮ್ಮಣ್ಣಿನ ಮೇಲೆ ಮಷಿನ್ನಿನ ತುದಿಯ ಬಳೆ (ಕಾಯಿಲ್) ಆಡಿಸಿದರೆ ಸಾಕು, ಕುಂಯ್ ಅನ್ನುತ್ತದೆ. ಮಣ್ಣಿನ ಕಬ್ಬಿಣಕ್ಕೆ ಸದ್ದು ಮಾಡದ ಹಾಗೆ ಮಷಿನ್ ಹೊಂದಿಸಿಕೊಂಡರೂ (ಗ್ರೌಂಡ್ ಬ್ಯಾಲೆನ್ಸ್) ನಾಲ್ಕು ಹೆಜ್ಜೆ ಆಚೆ ಮತ್ತೆ ಅದೇ ರಾಗ. ಅರ್ಧ ದಿನ ಅಗೆದು ಸಿಕ್ಕಿದ್ದು ನೇಗಿಲ ಗುಳದ ಚೂರು, ನಟ್ಟು, ಮುಳ್ಳುತಂತಿ. ಸಂಜೆ ಹೊತ್ತಿಗೆ ಕಪ್ಪನೆಯ, ಭಾರದ ಕಲ್ಲೊಂದು ಸಿಕ್ಕಿತು. ಉಲ್ಕೆಗಳಲ್ಲಿ ಸಾಮಾನ್ಯವಾಗಿ ಕಬ್ಬಿಣ ಇರುತ್ತದಲ್ಲ, ಮ್ಯಾಗ್ನೆಟ್ ಹಿಡಿದೆ, ಟಕ್ ಅಂತ ಅಂಟಿತು. ಕೈ ನಡುಗಿತು, ಸುಳ್ಳಲ್ಲ.

ಅಷ್ಟರಲ್ಲಿ ಜನ ಸೇರಿದ್ದರು. ಇಪ್ಪತ್ತು ಮಾರು ದೂರದಲ್ಲಿ ವೀರಗಲ್ಲು ಇತ್ತು, ನಾನು ನೋಡಿರಲೇ ಇಲ್ಲ. "ಯಾರಪ್ಪ ನೀನು? ನಿಧಿ ತೆಗಿಯಕ್ಕೆ ಬಂದಿದೀಯಾ?" ಹೊಲ ನಮ್ಮದೇ ಅಂತ ದೊಡ್ಡಪ್ಪ ಎಷ್ಟು ಹೇಳಿದರೂ ಕೇಳಲಿಲ್ಲ. ರಾತ್ರಿ ಹನ್ನೊಂದರವರೆಗೆ ಠಾಣೆಯಲ್ಲಿ ಕೂತು, ಮುಚ್ಚಳಿಕೆ ಬರೆದುಕೊಟ್ಟು ಬಂದೆ. ಆ ಜನರ ಮೇಲೆ ನನಗೆ ಸಿಟ್ಟಿಲ್ಲ. ನಿಧಿ ಆಸೆಗೆ ಗುಡಿ ಅಗೆದವರು, ವೀರಗಲ್ಲು ಕಿತ್ತವರು ನಮ್ಮ ಕಡೆ ಕಡಿಮೆಯೇ?

ಮಾರನೇ ದಿನ ಊರಿನ ಕಮ್ಮಾರರು ಕಲ್ಲನ್ನು ತಿರುಗಿಸಿ ನೋಡಿ ನಕ್ಕರು. "ಇದು ಕಿಟ್ಟ ಕಣಪ್ಪ. ಹಿಂದೆ ಇಲ್ಲೇ ಅದಿರು ಕಾಯಿಸಿ ಕಬ್ಬಿಣ ತೆಗೀತಿದ್ರು, ಉಳಿದ ಕಸ ಇದು." ಒಡೆದು ತೋರಿಸಿದರು. ಒಳಗೆಲ್ಲ ದೋಸೆಯ ಹಾಗೆ ತೂತು ತೂತು. ಉಲ್ಕೆಯಲ್ಲಿ ಹಾಗೆ ಗುಳ್ಳೆ ಇರುವುದು ತೀರಾ ಅಪರೂಪ. ಮ್ಯಾಗ್ನೆಟ್ ಕಿಟ್ಟಕ್ಕೂ ಅಂಟುತ್ತದೆ, ಮ್ಯಾಗ್ನೆಟೈಟ್ ಅದಿರಿಗೂ ಅಂಟುತ್ತದೆ. ಇನ್ನೊಂದು ಮಾತು: ನಿಜವಾದ ಉಲ್ಕೆಗೆ ಬಲವಾದ ನಿಯೋಡಿಮಿಯಂ ಮ್ಯಾಗ್ನೆಟ್ ಮುಟ್ಟಿಸಲೇಬಾರದು. ಅದರೊಳಗೆ ಕೋಟಿಗಟ್ಟಲೆ ವರ್ಷದಿಂದ ಉಳಿದ ಕಾಂತೀಯ ಗುರುತು ಅಳಿಸಿಹೋಗುತ್ತದೆ.

ಹೊಲ ಸ್ವಂತದ್ದಾದರೂ ಪಂಚಾಯ್ತಿಗೆ, ಠಾಣೆಗೆ ಹೇಳದೆ ಮಷಿನ್ ಹೊರಗೆ ತೆಗೆಯಬೇಡಿ. ಗುಡಿ, ಶಾಸನ, ವೀರಗಲ್ಲು ಇರುವ ಕಡೆ ಅಂತೂ ಬೇಡವೇ ಬೇಡ. ಅಕಸ್ಮಾತ್ ಉಲ್ಕೆ ಅನ್ನಿಸುವಂಥದ್ದು ಸಿಕ್ಕರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ತಿಳಿಸಿ, ಲಕ್ಷಗಟ್ಟಲೆ ಬೆಲೆ ಹೇಳುವ ದಲ್ಲಾಳಿಗಳಿಗಲ್ಲ.

ಮಷಿನ್ ಅಟ್ಟದ ಮೇಲಿದೆ. ಮಾರೋಣ ಅಂತ ಜಾಹೀರಾತು ಹಾಕಿದ್ದೆ. ಬಂದ ಎರಡು ಫೋನೂ ಒಂದೇ ಥರ: "ಸಾರ್, ನಿಧಿ ಎಷ್ಟು ಆಳದವರೆಗೆ ತೋರಿಸುತ್ತೆ?"

ಜಾಹೀರಾತು ತೆಗೆದುಬಿಟ್ಟೆ.